ಮಂಡ್ಯದಲ್ಲಿ ಇಳಿಯದ ಅತ್ತಿಗೆ

1936ರ ಗೌರಿ ಹಬ್ಬದ ಬೆಳಿಗ್ಗೆ ನನ್ನ ಅತ್ತಿಗೆ ಮದ್ದೂರಿನಲ್ಲಿ ರೈಲು ಹತ್ತಿ, ಮಂಡ್ಯದಲ್ಲಿ ಇಳಿಯದೆ, ನೇರವಾಗಿ ಅದರ ಮುಂದಿನ ಸ್ಟೇಷನ್ನಾದ ಯಲಿಯೂರಿನ ತವರುಮನೆಗೆ ಹೋದಳು. ಜೊತೆಗೆ ನಾನಿದ್ದೆ. ಒಂದು ಹುಂಜವೂ ಇತ್ತು.

ಅಣ್ಣನನ್ನು ಮದುವೆಯಾಗಿ ಬಂದಾಗಿನಿಂದ ಅತ್ತಿಗೆಗೆ ನಮ್ಮ ಬೀದಿಯಲ್ಲಿ ‘ಒಳ್ಳೇ ಹೆಂಗಸು’ ಎಂಬ ಹೆಸರಿತ್ತು. ಆ ಹೆಸರು ಕೆಡಬಾರದೆಂದು ಆಕೆ ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ಬೀದಿಯ ಹಲವು ಮನೆಗಳ ಹೆಣ್ಣುಮಕ್ಕಳನ್ನು ಮಂಡ್ಯಕ್ಕೆ ಕೊಟ್ಟಿದ್ದರು. ಅತ್ತಿಗೆ ಹಬ್ಬಕ್ಕೆ ಹೊರಟಳೆಂದರೆ ಆ ಮಕ್ಕಳಿಗೆ ಸೇರಬೇಕಾದ ಗಂಟುಗಳೆಲ್ಲ ಆಕೆಯ ತಲೆಗೇರುತ್ತಿದ್ದವು. ಮಂಡ್ಯದಲ್ಲಿ ಇಳಿದು, ಮನೆಮನೆಗೆ ಕೊಟ್ಟು, ಪ್ರತಿ ಮನೆಯಲ್ಲೂ ಬೇಡವೆನ್ನಲಾಗದೆ ಮಜ್ಜಿಗೆ ಕುಡಿದು, ಬಿಸಿಲಲ್ಲಿ ನಡೆದು ಯಲಿಯೂರು ಸೇರುವಷ್ಟರಲ್ಲಿ ಪೂಜೆ ಮುಗಿದಿರುತ್ತಿತ್ತು. ಮದುವೆಯಾದ ಮೇಲೆ ತವರಿನ ಗೌರಿ ಪೂಜೆಗೆ ಆಕೆ ಒಮ್ಮೆಯೂ ಕೂತಿರಲಿಲ್ಲ. ಹಿಂದಿನ ವರ್ಷವಂತೂ ಎತ್ತಿಟ್ಟ ಕಡುಬಿಗೆ ಇರುವೆ ಮುತ್ತಿತ್ತು.

ಹೀಗಾಗಿ ಈ ಸಲ ಹಿಂದಿನ ದಿನವೇ ಬಾವಿಕಟ್ಟೆಯಲ್ಲಿ ಹೇಳಿದಳು: "ನಾನು ಪೂಜೆಗೆ ಓಯ್ತಿವ್ನಿ. ಯಾರ್ ಗಂಟೂ ಒರಾಕಿಲ್ಲ."

ಎಲ್ಲರೂ ನಕ್ಕರು. ಅತ್ತಿಗೆ ತಮಾಷೆ ಮಾಡಿದ್ದು ಅವರಿಗೆ ಹಿಡಿಸಿತ್ತು.

ಬೆಳಿಗ್ಗೆ ಸ್ಟೇಷನ್ನಿಗೆ ಮೂಲೆಮನೆಯ ದೊಡ್ಡವ್ವ ಕಾಲು ಕಟ್ಟಿದ ಹುಂಜ ಹಿಡಿದು ಬಂದಳು. ಎದುರುಮನೆಯ ಅಕ್ಕ ಕುಂಬಳಕಾಯಿಯನ್ನೂ ರುಬ್ಬುವ ಗುಂಡುಕಲ್ಲನ್ನೂ ತಂದಿದ್ದಳು. ಅವಳ ಮಗಳ ಮನೆಯಲ್ಲಿ ಒರಳಿತ್ತು, ಗುಂಡಿರಲಿಲ್ಲ. ಅತ್ತಿಗೆ ಆಗಲೇ ಕಿಟಕಿಯ ಪಕ್ಕ ಕೂತಾಗಿತ್ತು. ಅಭ್ಯಾಸಬಲದಿಂದ ಎಲ್ಲಿ ಚಾಚಿಬಿಡುತ್ತವೋ ಎಂದು ತನ್ನ ಎರಡೂ ಕೈಗಳ ಮೇಲೆ ಕೂತಿದ್ದಳು.

"ಒಂದೇ ಒಂದ್ ಗುಂಡು ಕಣವ್ವ," ಎಂದಳು ಅಕ್ಕ. "ಮಡ್ಲಲ್ಲಿ ಇಟ್ಕೊ. ಮಗೀನಂಗೆ ಸುಮ್ಕೆ ಕೂತಿರ್ತದೆ."

"ಮಗ ಆದ್ರೆ ಕೊಡಕ್ಕ, ಎತ್ಕತೀನಿ. ಗುಂಡು ಬ್ಯಾಡ."

"ನೋಡ್ರಮ್ಮ, ಏನ್ ಕೊಬ್ಬು ಬಂದದೆ ಇವಳ್ಗೆ!" ಎಂದು ದೊಡ್ಡವ್ವ ಇಡೀ ಪ್ಲಾಟ್‌ಫಾರಮ್ಮಿಗೆ ಕೇಳಿಸುವಂತೆ ಕೂಗಿದಳು.

ಅತ್ತಿಗೆಯ ಕಿವಿ ಕೆಂಪಾಯಿತು. ಕೈ ಮಾತ್ರ ಮೇಲೇಳಲಿಲ್ಲ.

"ಬಂದದೆ ದೊಡ್ಡವ್ವ. ಬಾಳ ದಿನಕ್ ಬಂದದೆ, ಇರ್ಲಿ ಬುಡು."

ಅಕ್ಕ ಕುಂಬಳಕಾಯಿಯನ್ನು ಕಿಟಕಿಯೊಳಗೆ ತೂರಿಸಿದಳು. ನಾನು ಅದನ್ನು ಬಾಗಿಲಿನಿಂದ ವಾಪಸು ಕೊಟ್ಟೆ. ಮತ್ತೆ ಕಿಟಕಿಯಲ್ಲಿ ಬಂತು, ಮತ್ತೆ ಬಾಗಿಲಲ್ಲಿ ಹೋಯಿತು. ಅಷ್ಟರಲ್ಲಿ ರೈಲು ಹೊರಟಿತು. ದೊಡ್ಡವ್ವ ಕಡೇ ಗಳಿಗೆಯಲ್ಲಿ ಹುಂಜವನ್ನು ಒಳಗೆ ಎಸೆದಳು.

ಮಂಡ್ಯದಲ್ಲಿ ರೈಲು ನಿಂತಾಗ ಅತ್ತಿಗೆ ಅರ್ಧ ಎದ್ದಳು. ಹುಂಜದ ಮುಖ ನೋಡಿದಳು. ಮತ್ತೆ ಕೂತಳು.

"ಇಳೀಬೇಕಾದ್ರೆ ನೀನೇ ಇಳ್ದೋಗು," ಎಂದು ಹುಂಜಕ್ಕೆ ಹೇಳಿದಳು.

ಅದು ಇಳಿಯಲಿಲ್ಲ.

ಯಲಿಯೂರಿನಲ್ಲಿ ಮಗಳು ಅಷ್ಟು ಬೇಗ ಬಂದದ್ದು ಕಂಡು ಅತ್ತಿಗೆಯ ತಾಯಿ ಗಾಬರಿಯಾದರು. ರಂಗೋಲಿ ಬಟ್ಟಲು ಕೈಯಿಂದ ಬಿತ್ತು.

"ಯಾಕವ್ವ, ಏನಾಯ್ತು? ಯಾರ್ಗೆ ಉಸಾರಿಲ್ಲ?"

"ಎಲ್ರೂ ಚೆನ್ನಾಗವ್ರೆ ಕಣವ್ವ. ನಾನೂ ಚೆನ್ನಾಗಿವ್ನಿ."

ತಾಯಿಗೆ ನಂಬಿಕೆ ಬರಲಿಲ್ಲ. ಹಣೆ ಮುಟ್ಟಿ ನೋಡಿದರು. ಪೂಜೆ ಇನ್ನೂ ಶುರುವಾಗಿರಲಿಲ್ಲ. ಅತ್ತಿಗೆ ಎಲ್ಲರಿಗಿಂತ ಮುಂದೆ ಹೋಗಿ ಕೂತಳು. ಕಡುಬು ಬಿಸಿಯಾಗಿತ್ತು, ನಾಲಿಗೆ ಸುಟ್ಟುಕೊಂಡಳು. ಅದನ್ನು ವಾರವಿಡೀ ಸಿಕ್ಕವರಿಗೆಲ್ಲ ಸಂತೋಷದಿಂದ ಹೇಳಿಕೊಂಡಳು.

ಹುಂಜವನ್ನು ಕಳಿಸಿಕೊಡಿ ಎಂದು ದೊಡ್ಡವ್ವನ ಮಗಳು ಮಂಡ್ಯದಿಂದ ಹೇಳಿಕಳಿಸಿದಳು. ಬಂದು ಹಿಡಿದುಕೊಂಡು ಹೋಗಲಿ ಎಂದು ಅತ್ತಿಗೆ ಉತ್ತರ ಕಳಿಸಿದಳು. ಮಗಳು ಬಂದಳು. ಕಾಲು ಬಿಚ್ಚಿದ ದಿನವೇ ಹಿತ್ತಲ ಹುಣಸೆಮರ ಹತ್ತಿದ್ದ ಹುಂಜ ಇಳಿಯಲಿಲ್ಲ. ಊಟ ಮಾಡಿಕೊಂಡು ಬರಿಗೈಯಲ್ಲಿ ಹೋದಳು.

ಮದ್ದೂರಿಗೆ ಮರಳಿದಾಗ ‘ಒಳ್ಳೇ ಹೆಂಗಸು’ ಹೋಗಿ ‘ಕೊಬ್ಬಿನೋಳು’ ಎಂದಾಗಿತ್ತು. ಮೊದಮೊದಲು ಅತ್ತಿಗೆ ಬಾವಿಗೆ ನನ್ನನ್ನು ಕಳಿಸುತ್ತಿದ್ದಳು. ಆಮೇಲೆ ತಾನೇ ಹೊರಟಳು.

"ಕೊಬ್ಬಿನೋಳು ಬಂದ್ಲು," ಎಂದು ಯಾರೋ ಪಿಸುಗುಟ್ಟಿದರು.

"ಬಂದೆ ಕಣಕ್ಕ. ಒಸಿ ದಾರಿ ಬುಡು," ಎಂದು ಅತ್ತಿಗೆ ಬಿಂದಿಗೆ ಇಳಿಸಿದಳು.

ಮರುವರ್ಷದ ಗೌರಿಗೂ ನಾವು ಅದೇ ರೈಲು ಹಿಡಿದೆವು. ಎದುರಿನ ಬೆಂಚಿನಲ್ಲಿ ಎದುರುಮನೆಯ ಅಕ್ಕ ಗುಂಡುಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಂಡ್ಯ ಬಂದಾಗ ಅವಳು ಇಳಿದಳು. ನಾವು ಇಳಿಯಲಿಲ್ಲ.