ಬಾಯಿಗೆ ಹಾಕದ ಕಪ್ಪು ಮಿಠಾಯಿ

ನನ್ನ ಅಕ್ಕನ ಮಗಳು ಇಂಕೇರಿ ಆವಿಸ್ನಾನದ ಸೌನಾ ಕೋಣೆಯ ಬಿಸಿಯಲ್ಲೂ ಕೂತಲ್ಲಿ ಕೂರುವವಳಲ್ಲ. ಮೇಲಿನ ಹಲಗೆಗೆ ಹತ್ತುತ್ತಾಳೆ, ಕೆಳಗಿನದಕ್ಕೆ ಇಳಿಯುತ್ತಾಳೆ, ಬಾಗಿಲು ತೆಗೆದು ಇಣುಕುತ್ತಾಳೆ.

"ಬಾಗಿಲು ಹಾಕೇ! ಕೊಕ್ಕೊಲಾ ಊರಿಗೆಲ್ಲ ಬಿಸಿ ಹಂಚೋಕೆ ಹೊರಟಿದ್ದೀಯಾ?" ಎಂದು ಪ್ರತಿ ಶುಕ್ರವಾರ ಬೈಯುವುದು ನನ್ನ ಪಾಲಿನ ಕೆಲಸ.

ಅವಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಂದಾಗ, ಕೆಲಸ ತಾನಾಗಿ ಬಾಗಿಲು ತಟ್ಟುತ್ತದೆ ಎಂದುಕೊಂಡಿದ್ದೆವು. ನಮ್ಮೂರಿನ ಕಡಲಂಚಿನಲ್ಲಿ ರಾಸಾಯನಿಕ ಕಾರ್ಖಾನೆಗಳ ಸಾಲೇ ಇದೆ. ನಾನು ಓಡಿಸುವ ಬಸ್ಸಿನ ಕೊನೆಯ ನಿಲ್ದಾಣ ಅದೇ. ಆದರೆ ಒಬ್ಬರಿಗೆ ಇವಳ ಓದು ಸಾಲದು, ಡಾಕ್ಟರೇಟ್ ಬೇಕು. ಇನ್ನೊಬ್ಬರಿಗೆ ಓದು ಹೆಚ್ಚಾಯಿತು, ಯಂತ್ರದ ಮುಂದೆ ನಿಲ್ಲುವವರು ಸಾಕು. ಹುಡುಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜು ತೊಳೆದಳು, ಬಣ್ಣದಂಗಡಿಯಲ್ಲಿ ನಿಂತಳು, ರಜೆ ಹಾಕಿದ ಮೇಷ್ಟ್ರುಗಳ ಬದಲಿಗೆ ಪಾಠ ಮಾಡಿದಳು. ನೀರು ಪೂರೈಕೆಯವರನ್ನು ಕೇಳು, ಔಷಧ ಮಾರು ಎಂದು ಬಂದವರೆಲ್ಲ ಕಾಫಿ ಕುಡಿದು ಸಲಹೆ ಕೊಟ್ಟು ಹೋದರು. ನನ್ನ ಗಂಟಲು ಎಲ್ಲರಿಗಿಂತ ದೊಡ್ಡದು. ಔಲು ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡು ಎಂದು ಅವಳ ಬೆನ್ನು ಬಿದ್ದಿದ್ದೆ. ಅಲ್ಲಿನ ಪ್ರೊಫೆಸರು ಒಂದು ಜಾಗ ಹಿಡಿದಿಟ್ಟಿದ್ದರು. ಒಂದು ಶುಕ್ರವಾರದ ರಾತ್ರಿಯೊಳಗೆ ಉತ್ತರ ಹೇಳಬೇಕಿತ್ತು.

ಅದೇ ದಿನ ಬೆಳಿಗ್ಗೆ ಅವಳು ಮಿಠಾಯಿ ಕಾರ್ಖಾನೆಗೆ ಸಂದರ್ಶನಕ್ಕೆ ಹೋಗಿದ್ದಳು. ಜೇಷ್ಠಮಧುವಿಗೆ ನವಸಾಗರದ ಉಪ್ಪು ಬೆರೆಸಿದ ನಮ್ಮ ಕಪ್ಪು ಮಿಠಾಯಿಯ ಕಾರ್ಖಾನೆ. ಅಲ್ಲಿ ಗುಣಮಟ್ಟ ನೋಡುವ ಕೆಲಸ ಖಾಲಿಯಿತ್ತು. ಇದು ಸಿಕ್ಕರೆ ಇಲ್ಲೇ ಉಳಿಯುತ್ತಾಳೆ, ಸಿಗದಿದ್ದರೆ ಮನಸ್ಸಿಲ್ಲದ ಔಲು.

ಸಂಜೆ ಸೌನಾದಲ್ಲಿ ಬಾಗಿಲಿಗೆ ಕೈ ಹಾಕಿದವಳನ್ನು ಹಿಡಿದು ಕೂರಿಸಿದೆ. "ಏನಾಯ್ತು, ಹೇಳು."

"ಹಾಳು ಮಾಡ್ಕೊಂಡೆ ಚಿಕ್ಕಮ್ಮ. ಲ್ಯಾಬಿನ ಮುಖ್ಯಸ್ಥ ವೂರೆಲಾ ಮೇಜಿನ ಮೇಲಿದ್ದ ತಟ್ಟೆಯಿಂದ ಒಂದು ಮಿಠಾಯಿ ಕೊಟ್ಟ. 'ತಿಂದು ನೋಡಿ, ಇದರಲ್ಲಿ ಏನು ಸರಿಯಿಲ್ಲ ಹೇಳಿ' ಅಂದ."

"ಸರಿ, ಏನು ಹೇಳ್ದೆ?"

"ತಿನ್ನಲಿಲ್ಲ."

"ಯಾಕೆ, ವಿಷ ಇತ್ತಾ?"

"ಲ್ಯಾಬಿನ ಮೇಜಿನ ಮೇಲಿಂದು ಚಿಕ್ಕಮ್ಮ! ಮೊದಲನೇ ವರ್ಷ ಚೂಯಿಂಗ್ ಗಮ್ ಜಗಿದವಳನ್ನ ನಮ್ಮ ಮೇಡಂ ಕೋಣೆಯಿಂದ ಆಚೆ ಹಾಕಿದ್ರು. ಕೈ ಮೇಲಕ್ಕೇ ಬರಲಿಲ್ಲ. 'ಲ್ಯಾಬಲ್ಲಿ ಬಾಯಿಗೆ ಏನೂ ಹಾಕಲ್ಲ' ಅಂದೆ. ಆತ ನಕ್ಕ. ಅದನ್ನ ಹಿಡ್ಕೊಂಡೇ ಬಂದ್ಬಿಟ್ಟೆ."

ನನಗೆ ಸಿಟ್ಟು ನೆತ್ತಿಗೇರಿತು. "ಮಿಠಾಯಿ ಕಾರ್ಖಾನೆಗೆ ಹೋಗಿ ಮಿಠಾಯಿ ತಿನ್ನಲ್ಲ ಅಂದ್ಯಾ! ಈಗೆಲ್ಲಿದೆ ಅದು?"

ಕೋಟಿನ ಜೇಬಿನಲ್ಲಿತ್ತು. ಟವೆಲ್ ಸುತ್ತಿಕೊಂಡು ಬಟ್ಟೆ ಬದಲಿಸುವ ಕೋಣೆಗೆ ಹೋದೆವು. ಅವಳು ಮಿಠಾಯಿಯನ್ನು ಕಚ್ಚಿ ಎರಡು ಮಾಡಿ, ಒಂದರ್ಧ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಒಂದು ಕಾಲು ಯಾವಾಗಲೂ ಕುಣಿಯುತ್ತಿರುತ್ತದೆ ಅವಳದು. ಅದು ನಿಂತಿತು.

"ಉಪ್ಪಿನ ಅಳತೆ ಸರಿಯಾಗೇ ಇದೆ. ಅರೆದದ್ದು ಸಾಲದು. ಹರಳು ಹಾಗೇ ಉಳಿದಿದೆ, ಅದಕ್ಕೆ ಒಂದು ಕಡೆ ಚುರುಕ್ ಅನ್ನತ್ತೆ, ಇನ್ನೊಂದು ಕಡೆ ಸಪ್ಪೆ."

"ಫೋನ್ ಮಾಡಿ ಹೇಳು."

"ಶುಕ್ರವಾರ ಸಂಜೆ ಫೋನ್ ಮಾಡೋದಾ?"

ನಮ್ಮಲ್ಲಿ ಅದು ಹೇಳದೆ ಕೇಳದೆ ಮನೆಯೊಳಗೆ ನುಗ್ಗಿದ ಹಾಗೆ. ಆದರೂ ಮಾಡಿದಳು. ಹರಳಿನ ವಿಷಯವನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ನಾನು ಫೋನಿಗೆ ಕಿವಿ ಹಚ್ಚಿದೆ.

"ನೀವು ಹೇಳಿದ್ದು ಸರಿ," ಎಂದ ವೂರೆಲಾ. "ಆದ್ರೆ ಮಧ್ಯಾಹ್ನವೇ ಬೇರೆಯವರಿಗೆ ಮಾತು ಕೊಟ್ಟುಬಿಟ್ಟೆ. ಅವರು ಅಲ್ಲೇ ತಿಂದು ಹೇಳಿದ್ರು."

ಈಗ ಅಳುತ್ತಾಳೆ, ನಾನು ಸಮಾಧಾನ ಮಾಡಬೇಕು, ಆಮೇಲೆ ಔಲು ಮಾತೆತ್ತಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಆದರೆ ಇಂಕೇರಿ, ತನ್ನ ಬಗ್ಗೆ ಒಂದೊಳ್ಳೆ ಮಾತು ಆಡಲು ನಾಚುವ ನಮ್ಮ ಇಂಕೇರಿ, "ಇನ್ನೊಂದು ಜಾಗ ಖಾಲಿಯಾದ್ರೆ ನನಗೇ ಫೋನ್ ಮಾಡಿ. ಈ ಕೆಲಸ ನನಗೆ ಬರುತ್ತೆ," ಎಂದಳು.

ಫೋನ್ ಇಟ್ಟು ಉಳಿದರ್ಧವನ್ನು ನನ್ನ ಬಾಯಿಗೆ ತುರುಕಿದಳು. ಜಗಿದೆ. ಮೊದಲು ಏನೂ ಇಲ್ಲ. ಆಮೇಲೆ ಹಲ್ಲಿನ ನಡುವೆ ಮರಳಿನ ಹಾಗೆ ಏನೋ ಕರಕರ ಎಂದಿತು, ನಾಲಿಗೆಯ ಒಂದು ಬದಿ ಚುರುಗುಟ್ಟಿತು.

"ಹರಳು ಸಿಕ್ತಾ ಚಿಕ್ಕಮ್ಮ?"

"ಸಿಕ್ತು ಕಣೇ."

ಅವಳು ಒಳಗೆ ಹೋಗಿ ಮೇಲಿನ ಹಲಗೆ ಹತ್ತಿ, ಕಾಲು ಮಡಚಿ ಕೂತಳು. ಕಾದ ಕಲ್ಲಿಗೆ ನೀರು ಹಾಕಿದೆ, ಆವಿ ಎದ್ದಿತು. ಆಗಲೂ ಕದಲಲಿಲ್ಲ.

"ಔಲು ಪ್ರೊಫೆಸರಿಗೆ ನಾನು ಬರಲ್ಲ ಅಂತ ಹೇಳ್ತೀನಿ. ಇಲ್ಲೇ ಇದ್ದು ಇಂಥದ್ದೇ ಕೆಲಸ ಹುಡುಕ್ತೀನಿ," ಎಂದಳು.

ಇಷ್ಟು ದಿನ ಔಲು ಔಲು ಎಂದು ಕೊರೆದವಳು ನಾನು. ಹರಳು ಇನ್ನೂ ಹಲ್ಲಿನ ಸಂದಿಯಲ್ಲಿತ್ತು.

"ಹೇಳು," ಎಂದೆ.