ಅಜ್ಜಿಗೆ ಕೊಟ್ಟ ಮಾತು

ಬೆಳಗಿನ ಆರೂವರೆ. ಸ್ವೀಡನ್ನಿನ ಮಾಲ್ಮೋದ ಮಸೀದಿಯೊಂದರ ಹಿಂಬದಿಯ ಕೋಣೆಯಲ್ಲಿ ಫೆಹ್ಮಿದಾ ಬಕೆಟ್ಟಿಗೆ ಮೊಣಕೈ ಅದ್ದಿ ನೀರಿನ ಹದ ನೋಡುತ್ತಿದ್ದಾರೆ, ಎಳೆಗೂಸಿಗೆ ಎರೆಯುವವರ ಹಾಗೆ. ಮೇಜಿನ ಮೇಲಿರುವುದು ಎಪ್ಪತ್ತೆಂಟರ ಅಜ್ಜಿಯ ಶವ. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದ್ದಾರೆ. "ಒಳಗೆ ಬೇಡ ಮೇಡಂ. ಅವರ ಮರ್ಯಾದೆ ನನ್ನ ಕೈಲಿದೆ."

ಭದ್ರಾವತಿಯಲ್ಲಿ ಹುಟ್ಟಿದ ಫೆಹ್ಮಿದಾ ಹಗಲು ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಅದಕ್ಕೂ ಮೊದಲು ಈ ಕೆಲಸ. ಹನ್ನೊಂದು ವರ್ಷದಲ್ಲಿ ಇನ್ನೂರ ಹದಿನಾರು ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸಿದ್ದಾರೆ. ಅವರಲ್ಲಿ ಮೂವತ್ತೊಂದು ಮಂದಿಯನ್ನು, ಕಾಗದಪತ್ರ ಹೊಂದಿಸಿ, ವಿಮಾನದಲ್ಲಿ ಅವರವರ ಊರಿಗೆ ಕಳಿಸಿದ್ದಾರೆ.

ಈ ಅಜ್ಜಿಯ ದೇಶದ ಹೆಸರು ಬರೆಯಬೇಡಿ ಎಂದು ಮಗಳು ಕೇಳಿಕೊಂಡಿದ್ದಾರೆ. ಸೋದರಮಾವಂದಿರು ಇನ್ನೂ ಅಲ್ಲೇ ಇದ್ದಾರೆ. ನೆರೆದೇಶದ ಸೈನ್ಯ ಅಲ್ಲಿಗೆ ನುಗ್ಗಿ ಐವತ್ತು ವರ್ಷವಾಯಿತು, ಇನ್ನೂ ತೊಲಗಿಲ್ಲ. ಆಗ ಈ ಮಗಳನ್ನೇ ಕಂಕುಳಲ್ಲಿ ಎತ್ತಿಕೊಂಡು ಓಡಿಬಂದ ಅಜ್ಜಿ ಮರಳಿ ಹೋಗಲೇ ಇಲ್ಲ.

ಕಳೆದ ತಿಂಗಳು ಆಸ್ಪತ್ರೆಯಲ್ಲಿ ಅಜ್ಜಿ ಕೈ ಹಿಡಿದಾಗ ಫೆಹ್ಮಿದಾ, ಊರಿನ ಮಣ್ಣೇ ಬೇಕು ಎನ್ನುವವರಿಗೆಲ್ಲ ಹೇಳುವಂತೆ, ಹೇಳಿಬಿಟ್ಟರು: ಚಿಂತೆ ಬೇಡ, ಊರಿಗೆ ಕಳಿಸ್ತೀನಿ. "ನಮಗೇನು ಮೇಡಂ, ಟಿಕೆಟ್ ಬುಕ್ ಮಾಡಿದ್ರೆ ಆಯ್ತು, ಭದ್ರಾವತಿ. ಎಲ್ಲರಿಗೂ ಹಾಗೇ ಅಂದ್ಕೊಂಡ್‌ಬಿಟ್ಟಿದ್ದೆ. ಎಂಥ ದಡ್ಡಿ ನಾನು!"

ಶವ ಒಳಗೆ ಬಿಡಲು ಆ ನೆರೆದೇಶವೇ ಒಪ್ಪಬೇಕು. ಮೂರು ಅರ್ಜಿ, ಇಪ್ಪತ್ತಮೂರು ದಿನ. ಅಷ್ಟೂ ದಿನ ಅಜ್ಜಿ ಶವಾಗಾರದ ಥಂಡಿಯಲ್ಲಿ. ನಿನ್ನೆ ಉತ್ತರ ಬಂತು: ಆಗುವುದಿಲ್ಲ. ಕಾರಣವನ್ನೂ ಕೊಟ್ಟಿಲ್ಲ. ನನಗಂತೂ ಮೈಯೆಲ್ಲ ಉರಿಯಿತು. ಮುದುಕಿಯ ಹೆಣಕ್ಕೂ ಹೆದರುವ ಇವರದು ಅದೆಂಥ ಶೌರ್ಯವೋ!

ಹನ್ನೊಂದಕ್ಕೆ ಇಲ್ಲೇ ಮಣ್ಣು. ಫೆಹ್ಮಿದಾ ಡಾಗಿಸ್‌ಗೆ ರಜೆ ಹೇಳಿದ್ದಾರೆ. ಕಫನ್ ಬಟ್ಟೆ ಸುತ್ತಿ, ಅಜ್ಜಿಯ ಕಿವಿಯ ಬಳಿ ಬಗ್ಗಿ ಏನೋ ಹೇಳುತ್ತಾರೆ. ಏನೆಂದು ಆಮೇಲೆ ಕೇಳಿದೆ. "ಮಾಫಿ ಕೇಳ್ದೆ, ಇನ್ನೇನು? ಮಾತು ಕೊಟ್ಟು ತಪ್ಪಿದ್ದು ಇದೇ ಮೊದಲು."

ದಫನ್ ಮುಗಿಯಿತು. ಮಗಳು ಬಂದು ಫೆಹ್ಮಿದಾರ ಎರಡೂ ಕೈ ಹಿಡಿದುಕೊಂಡು ಸ್ವೀಡಿಷ್‌ನಲ್ಲಿ ಏನೋ ಕೇಳಿದರು. ಫೆಹ್ಮಿದಾ ಹೂಂ ಎಂದು ತಲೆಯಾಡಿಸಿದರು.

ಇಬ್ಬರೂ ಬಸ್ ಸ್ಟಾಪಿಗೆ ನಡೆದೆವು. ಅಲ್ಲಿ ಫೆಹ್ಮಿದಾ ಕಣ್ಣೊರೆಸಿಕೊಂಡು ಹೇಳಿದರು: "ನನ್ನ ಕಾಲ ಬಂದಾಗ ನನಗೂ ನೀವೇ ಸ್ನಾನ ಮಾಡಿಸ್ತೀರಾ ಅಂದ್ಲು. ಮಾಡಿಸ್ತೀನಿ ಅಂದೆ. ಊರಿಗೆ ಕಳಿಸಿ ಅಂತ ಅವಳು ಕೇಳಲೇ ಇಲ್ಲ ಮೇಡಂ."