ನೀರು ಕುಡಿಯದ ಚಕ್ಕೋತದ ಪುಡಿ

ಕೋವಿಡ್ ಮುಗಿದ ಮರುವರ್ಷ ನಾನು ಯಲಹಂಕದ ಒಂದು ಸಣ್ಣ ಸಾಸ್ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮಾಲೀಕ ಮುನಿರಾಜು ಶೆಟ್ಟಿಹಳ್ಳಿಯವರು. ಅವರ ತಂದೆ ರಾಗಿ ಬೆಳೆದ ಹೊಲಗಳಲ್ಲಿ ಆಗಲೇ ಅಪಾರ್ಟ್‌ಮೆಂಟುಗಳು ಎದ್ದಿದ್ದವು. ಬಾಡಿಗೆ ತಿಂದು ಕೂರಲು ಮನಸ್ಸಿಲ್ಲದೆ ಇವರು ಕಾರ್ಖಾನೆ ಹಾಕಿದ್ದರು.

ನಾವು ಮಾಡಲು ಹೊರಟಿದ್ದು ಮೊಟ್ಟೆಯಿಲ್ಲದ ಮಯೋನೀಸ್. ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಬೇರ್ಪಡದಂತೆ ಹಿಡಿದಿಟ್ಟರೆ ಅದಕ್ಕೆ ಎಮಲ್ಷನ್ ಎನ್ನುತ್ತೇವೆ. ಮಯೋನೀಸಿನಲ್ಲಿ ಹಾಗೆ ಹಿಡಿದಿಡುವುದು ಮೊಟ್ಟೆಯ ಹಳದಿ. ನಾನು ಅದರ ಬದಲು ಚಕ್ಕೋತದ ಸಿಪ್ಪೆ ಬಳಸಿದೆ. ದೇವನಹಳ್ಳಿ ಕಡೆಯ ಜ್ಯೂಸ್ ಘಟಕವೊಂದು ಅದನ್ನು ತಿಪ್ಪೆಗೆ ಸುರಿಯುತ್ತಿತ್ತು. ಸಿಪ್ಪೆಯೊಳಗಿನ ಬಿಳಿಯ ಮೆತ್ತನೆ ಭಾಗವನ್ನು ಬಿಸಿನೀರಿನಲ್ಲಿ ತೊಳೆದು ಕಹಿ ತೆಗೆದು, ಒಣಗಿಸಿ ಪುಡಿ ಮಾಡುತ್ತಿದ್ದೆವು. ಆ ನಾರು ನೀರಿನಲ್ಲಿ ಉಬ್ಬಿ, ಬಲೆಯಂತೆ ಹರಡಿ, ಎಣ್ಣೆಯ ಹನಿಗಳು ಒಂದಕ್ಕೊಂದು ಸೇರದಂತೆ ತಡೆಯುತ್ತದೆ. ಎಂಟು ತಿಂಗಳು ಒದ್ದಾಡಿದ ಮೇಲೆ ಪ್ರಯೋಗಾಲಯದಲ್ಲಿ ಅದು ಕೈಹಿಡಿಯಿತು.

ಶಾಲೆಗಳಿಗೆ ಊಟ ಕೊಡುವ ಒಂದು ಕಂಪನಿ ಆಸಕ್ತಿ ತೋರಿಸಿತು. ಅಲ್ಲಿನ ಗುಣಮಟ್ಟ ಅಧಿಕಾರಿ ಸುಷ್ಮಾ ಫೋನಿನಲ್ಲಿ ಹೇಳಿದ್ದರು: “ಮೊಟ್ಟೆ ತಿಂದ್ರೆ ಉಸಿರು ಕಟ್ಟೋ ಮಕ್ಕಳಿದ್ದಾರೆ ಮೇಡಂ. ಅದಕ್ಕೇ ನಿಮ್ಮನ್ನ ಹುಡುಕ್ಕೊಂಡು ಬಂದಿದ್ದು.” ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರು ತಪಾಸಣೆಗೆ ಬರುವುದೆಂದು ನಿಗದಿಯಾಯಿತು.

ಬುಧವಾರ ಬೆಳಿಗ್ಗೆ ಮೊದಲ ಸಲ ದೊಡ್ಡ ಮಿಕ್ಸರಿನಲ್ಲಿ ಐವತ್ತು ಕಿಲೋ ಮಾಡಿದೆವು. ಅರ್ಧ ಗಂಟೆಯೊಳಗೆ ಮೇಲೆ ಎಣ್ಣೆಯ ಹಳದಿ ಪದರ ಕಾಣಿಸಿಕೊಂಡಿತು. ಎಮಲ್ಷನ್ ಒಡೆದಿತ್ತು. ಇನ್ನೊಂದು ಸಲ ಮಾಡಿದೆವು, ಅದೂ ಒಡೆಯಿತು. ಎಣ್ಣೆ, ವಿನೆಗರ್, ಮಿಕ್ಸರಿನ ವೇಗ ಎಲ್ಲವನ್ನೂ ಪರೀಕ್ಷಿಸಿದೆ. ಯಾವುದರಲ್ಲೂ ತಪ್ಪು ಸಿಗಲಿಲ್ಲ.

ಮಧ್ಯಾಹ್ನ ಮುನಿರಾಜು ನನ್ನನ್ನು ಕೋಣೆಗೆ ಕರೆದು ಬಾಗಿಲು ಮುಚ್ಚಿದರು. ಮೇಜಿನ ಮೇಲೆ ಯಶವಂತಪುರದಿಂದ ತರಿಸಿದ್ದ ಮೊಟ್ಟೆ ಪುಡಿಯ ಪ್ಯಾಕೆಟ್ ಇತ್ತು.

“ಮೇಡಂ, ಇದು ಸ್ವಲ್ಪ ಹಾಕಿದ್ರೆ ನಿಲ್ಲುತ್ತಾ?”

“ನಿಲ್ಲುತ್ತೆ.”

“ನಾಳೆ ಒಂದಿನ ಅಷ್ಟೇ ಕಣ್ರೀ. ಆಮೇಲೆ ನಿಧಾನಕ್ಕೆ ಸರಿ ಮಾಡ್ಕೊಳೋಣ.”

ನಾನು ಆ ಕ್ಷಣವೇ “ಆಗಲ್ಲ” ಎನ್ನಬೇಕಿತ್ತು. ಎನ್ನಲಿಲ್ಲ. “ಯೋಚನೆ ಮಾಡ್ತೀನಿ” ಎಂದು ಎದ್ದು ಬಂದೆ. ಎಂಟು ತಿಂಗಳ ಕೆಲಸ ಹಾಳಾಗುತ್ತದಲ್ಲ ಎಂಬ ಹೆದರಿಕೆಯಲ್ಲಿ, ತಪಾಸಣೆಗೆ ಕೊಡುವ ಮಾದರಿಯನ್ನು ಮಕ್ಕಳೇನೂ ತಿನ್ನುವುದಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಹೊರಗೆ ಜಯಮ್ಮ ಪಾತ್ರೆ ತೊಳೆಯುತ್ತಿದ್ದರು. ಸಿಪ್ಪೆ ಬಿಡಿಸುವುದು, ಪುಡಿ ಜರಡಿ ಹಿಡಿಯುವುದು ಎಲ್ಲ ಅವರದೇ ಕೆಲಸ.

“ಮೇಡಂ, ಒಂದ್ ಮಾತು. ಈ ಸಲದ ಪುಡಿ ನೀರು ಕುಡೀತಿಲ್ಲ.”

“ಹಾಗಂದ್ರೆ?”

“ಮದ್ಲು ಪಾತ್ರೆ ತೊಳೆಯೋವಾಗ ಲೋಳೆ ಲೋಳೆಯಾಗಿ ಕೈಗೆ ಅಂಟ್ಕೊಳ್ಳೋದು. ಇದು ಅಂಗಲ್ಲ, ಮರಳಿನಂಗೆ ತಳಕ್ಕೆ ಕೂರ್ತದೆ.”

ಎರಡು ಗಾಜಿನ ಲೋಟಗಳಲ್ಲಿ ನೀರು ತೆಗೆದುಕೊಂಡು, ಒಂದಕ್ಕೆ ಡಬ್ಬಿಯ ತಳದಲ್ಲಿ ಉಳಿದಿದ್ದ ಹಳೆಯ ಪುಡಿ, ಇನ್ನೊಂದಕ್ಕೆ ಹೊಸ ಪುಡಿ ಒಂದೊಂದು ಚಮಚ ಹಾಕಿದೆ. ಹಳೆಯದು ಹತ್ತು ನಿಮಿಷದಲ್ಲಿ ಉಬ್ಬಿ ಗಂಜಿಯಂತಾಯಿತು. ಹೊಸದು ತಳದಲ್ಲೇ ಕುಳಿತಿತ್ತು. ಡ್ರೈಯರಿನ ದಾಖಲೆ ತೆರೆದೆ. ಅರವತ್ತು ಡಿಗ್ರಿಯಲ್ಲಿ ಒಣಗಬೇಕಾದ ಸಿಪ್ಪೆಯನ್ನು ತೊಂಬತ್ತೈದರಲ್ಲಿ ಒಣಗಿಸಲಾಗಿತ್ತು. ಅತಿ ಶಾಖಕ್ಕೆ ನಾರು ಬಿಗಿದುಕೊಂಡಿತ್ತು, ಮತ್ತೆ ಬಿಚ್ಚಿಕೊಳ್ಳುವಂತಿರಲಿಲ್ಲ. ಕೆಳಗೆ ಒಪ್ಪಿಗೆಯ ಸಹಿ ನನ್ನದೇ. ತಪಾಸಣೆಗೆ ಪುಡಿ ಸಾಲುವುದಿಲ್ಲವೆಂಬ ಅವಸರದಲ್ಲಿ ಶಾಖ ಏರಿಸಲು ಹೇಳಿದವಳು ನಾನೇ.

ಮುನಿರಾಜು ಅವರ ಬಳಿ ಹೋಗಿ ತಪ್ಪು ಒಪ್ಪಿಕೊಂಡೆ. ಸರಿಯಾದ ಪುಡಿ ಮಾಡಲು ನಾಳೆಯೊಳಗೆ ಆಗುವುದಿಲ್ಲ, ಮೊಟ್ಟೆ ಪುಡಿ ಹಾಕಲು ನಾನು ಬಿಡುವುದಿಲ್ಲ ಎಂದೆ.

“ತಪ್ಪು ನಿಮ್ದು, ಮಾನ ಹೋಗೋದು ನಂದು!” ಎಂದು ಅವರು ಗುಡುಗಿದರು.

ನಾನು ಪ್ಯಾಕೆಟ್ ಕೈಗೆತ್ತಿಕೊಂಡೆ. “ಇದನ್ನ ಹಾಕಿದ್ರೆ ನಾಳೆ ನಾನೇ ಸುಷ್ಮಾ ಅವರಿಗೆ ಹೇಳ್ತೀನಿ ಸರ್.” ಅವರು ಕಿಟಕಿಯತ್ತ ಮುಖ ತಿರುಗಿಸಿದರು. ಕೊನೆಗೆ, “ತಗೊಂಡೋಗಿ ಅದನ್ನ” ಎಂದರು.

ಗುರುವಾರ ಸುಷ್ಮಾ ಬಂದವರೇ ಕೈಗವಸು ಹಾಕಿಕೊಂಡು ಮಿಕ್ಸರಿನ ಅಲಗಿನ ಬುಡವನ್ನು ಹತ್ತಿಯ ಕಡ್ಡಿಯಿಂದ ಒರೆಸಿದರು. ಅದನ್ನು ತಾವು ತಂದಿದ್ದ ಪರೀಕ್ಷೆಯ ದ್ರವದಲ್ಲಿ ಅದ್ದಿ, ಒಂದು ಪರೀಕ್ಷಾ ಪಟ್ಟಿಯನ್ನು ಅದರಲ್ಲಿ ನಿಲ್ಲಿಸಿದರು. ಮೊಟ್ಟೆಯ ಪ್ರೋಟೀನಿನ ಸುಳಿವಿದ್ದರೂ ಎರಡು ಗೆರೆ ಮೂಡುತ್ತದೆ. ಮುನಿರಾಜು ಗೋಡೆಗೆ ಒರಗಿ ನಿಂತಿದ್ದರು. ಕಣ್ಣು ಪಟ್ಟಿಯ ಮೇಲೇ ಇತ್ತು. ಮೂಡಿದ್ದು ಒಂದೇ ಗೆರೆ.

ನಾನು ಒಡೆದ ಮಯೋನೀಸ್, ಎರಡು ಲೋಟಗಳು, ನನ್ನ ಸಹಿಯಿದ್ದ ಹಾಳೆ ಎಲ್ಲವನ್ನೂ ಸುಷ್ಮಾ ಅವರ ಮುಂದಿಟ್ಟೆ. ಅವರು ಓದಿ ಮುಗಿಸಿ, “ಇವತ್ತು ಒಪ್ಪಿಗೆ ಕೊಡಕ್ಕಾಗಲ್ಲ ಮೇಡಂ” ಎಂದರು. “ಸತತ ಐದು ಸಲ ಒಡೀದೆ ನಿಂತ್ರೆ ಕರೀರಿ, ಬರ್ತೀನಿ.”

ಅದಕ್ಕೆ ಏಳು ವಾರ ಹಿಡಿಯಿತು. ಮುನಿರಾಜು ಮೊದಲ ಎರಡು ವಾರ ನನ್ನೊಡನೆ ಕೆಲಸದ ಮಾತಷ್ಟೇ ಆಡಿದರು. ಒಪ್ಪಿಗೆ ಬಂದ ದಿನ ಜಯಮ್ಮನವರನ್ನು ಕೋಣೆಗೆ ಕರೆದು, ಇನ್ನು ಮುಂದೆ ಅವರು ನೋಡಿ ಸರಿ ಎನ್ನದೆ ಯಾವ ಪುಡಿಯೂ ಮಿಕ್ಸರಿಗೆ ಹೋಗಬಾರದು ಎಂದು ಆದೇಶ ಬರೆಸಿದರು.

ಆ ಪಟ್ಟಿಯಲ್ಲಿ ಎರಡನೇ ಗೆರೆ ಮೂಡಲಿಲ್ಲವೆಂದು ನಾನು ಹೆಮ್ಮೆಪಡುವುದಿಲ್ಲ. ಜಯಮ್ಮ ಬಾಯಿ ತೆರೆಯದಿದ್ದರೆ ನಾನು ಏನು ಮಾಡುತ್ತಿದ್ದೆನೋ, ನನಗೇ ಖಾತ್ರಿಯಿಲ್ಲ. ಒಳ್ಳೆಯವರೂ ಅವಸರದಲ್ಲಿ, ಹೆದರಿಕೆಯಲ್ಲಿ ದಾರಿ ತಪ್ಪುತ್ತಾರೆ ಎಂಬುದನ್ನು ಈ ವೃತ್ತಿ ನನ್ನ ಮೂಲಕವೇ ನನಗೆ ಕಲಿಸಿತು. ಅಂಥ ಗಳಿಗೆಯಲ್ಲಿ ಕಂಡದ್ದನ್ನು ಕಂಡಂತೆ ಹೇಳುವ ಒಬ್ಬರು ಪಕ್ಕದಲ್ಲಿರಬೇಕು. ಅವರು ಹೇಳಿದಾಗ ನಾವು ನಿಂತು ಕೇಳಬೇಕು.